ನೈಋತ್ಯ ಮೂಲೆಯ ಚೀಲಗಳು

ಎರಡು ವರ್ಷದ ಹಿಂದಿನ ದೀಪಾವಳಿ ಪಾಡ್ಯ. ಕಾಸಾರಶಿರಸಿಯಲ್ಲಿ ಕಾಳಿನ ವ್ಯಾಪಾರ ಮಾಡುವ ನನ್ನ ಕಾಕಾ ಗೋದಾಮಿನೊಳಗೆ ಹೊಸದಾಗಿ ಕಬ್ಬಿಣದ ಅಟ್ಟ ಹಾಕಿಸಿದ್ದರು. ಅದರ ಲೆಕ್ಕ ನನ್ನದು. ನಾನು ನಿಲಂಗಾದಲ್ಲಿ ಕಟ್ಟಡಗಳ ವಿನ್ಯಾಸ ಮಾಡುವ ಇಂಜಿನಿಯರ್. ಲಕ್ಷಗಟ್ಟಲೆ ಸಮೀಕರಣಗಳನ್ನು ಒಟ್ಟಿಗೇ ಬಿಡಿಸುವ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ಆಗಷ್ಟೇ ಕಲಿತಿದ್ದೆ. ಸೇತುವೆ, ವಿಮಾನದ ರೆಕ್ಕೆಗಳಿಗೇ ಉತ್ತರ ಕೊಡುವ ಅದಕ್ಕೆ ಒಂದು ಅಟ್ಟ ಯಾವ ಮಹಾ? ನನ್ನನ್ನು ಹಿಡಿಯುವವರೇ ಇರಲಿಲ್ಲ.

ಪೂಜೆಗೆ ಹೋದಾಗ ಹಮಾಲರು ಸೋಯಾಬೀನ್ ಚೀಲ ಹೊತ್ತು ಮೇಲೇರುತ್ತಿದ್ದರು. ಅಟ್ಟದ ಕೆಳಗೆ ಹೆಂಗಸರು, ಮಕ್ಕಳು ಊಟಕ್ಕೆ ಕೂತಿದ್ದರು. ಚೀಲಗಳನ್ನೆಲ್ಲ ಒಂದೇ ಮೂಲೆಗೆ ಒಟ್ಟುತ್ತಿದ್ದುದನ್ನು ಕಂಡು ಯಾಕೆಂದು ಕೇಳಿದೆ.

“ಭಾರ ನೈಋತ್ಯಕ್ಕೇ ಇರಬೇಕಲ್ಲ ಮಗಳ. ಈಶಾನ್ಯ ದೇವರ ಮೂಲಿ, ಖಾಲಿ ಬಿಡಬೇಕು. ನಿಮ್ಮವ್ವ ಜ್ವಾಳದ ಚೀಲ ಎಲ್ಲಿ ಇಡ್ತಾಳ?” ಅಂದರು ಕಾಕಾ.

ನಮ್ಮ ಮನೆಯಲ್ಲೂ ಹಾಗೇ, ಹುಟ್ಟಿದಾಗಿನಿಂದ ನೋಡಿದ್ದೇನೆ. ಲೆಕ್ಕದಲ್ಲಿ ಮಾತ್ರ ಭಾರವನ್ನು ಅಟ್ಟದ ತುಂಬ ಸಮನಾಗಿ ಹರಡಿದ್ದೆ.

ಲ್ಯಾಪ್‌ಟಾಪ್ ತೆರೆದು, ಭಾರವನ್ನೆಲ್ಲ ಆ ಮೂಲೆಗೆ ಸರಿಸಿ ಮತ್ತೆ ಲೆಕ್ಕಕ್ಕೆ ಹಚ್ಚಿದೆ. ಉತ್ತರಕ್ಕೆ ನಾಲ್ಕೈದು ನಿಮಿಷ ಬೇಕು. ಪರದೆಯ ಮೇಲೆ ಅಂಕಿಗಳು ಸಾಲುಸಾಲಾಗಿ ಇಳಿಯುತ್ತಿದ್ದವು, ಅತ್ತ ಚೀಲಗಳು ಏರುತ್ತಲೇ ಇದ್ದವು. ಉತ್ತರ ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಸುಳ್ಳೇಕೆ, ನೆಂಟರೆದುರು ಮರ್ಯಾದೆ ಹೋದೀತೆಂಬ ಭಯ. ಎರಡು ನಿಮಿಷ ಕಳೆದಿರಬೇಕು, ಮೇಲಿಂದ ಕಿರ್ರೆಂದು ಸಣ್ಣ ಸದ್ದು ಬಂತು.

“ಕಾಕಾ, ಎಲ್ಲಾರ್ನೂ ಹೊರಗ ಕರೀರಿ. ನನ್ನ ಲೆಕ್ಕ ತಪ್ಪಾಗ್ಯಾದ.”

ಹಬ್ಬದ ದಿನ ತಾಟಿನ ಮುಂದಿನಿಂದ ಎಬ್ಬಿಸುವುದೇ ಎಂಬಂತೆ ಕಾಕಾ ಒಂದು ಗಳಿಗೆ ನನ್ನ ಮುಖ ನೋಡಿದರು. ಮರುಗಳಿಗೆ ಇಬ್ಬರು ಮಕ್ಕಳನ್ನು ಬಗಲಿಗೆ ಎತ್ತಿಕೊಂಡು ಓಡಿದರು. ಹಮಾಲರು ಧಡಧಡ ಇಳಿದರು. ಲ್ಯಾಪ್‌ಟಾಪ್ ಹಿಡಿದು ಅಂಗಳದಲ್ಲಿ ನಿಂತಾಗ ಉತ್ತರ ಬಂತು: ಮೂಲೆಯ ತೊಲೆ ಅಷ್ಟು ಭಾರ ತಡೆಯದು. ಬಾಗಿಲಿನಿಂದ ಇಣುಕಿದರೆ ತೊಲೆ ಆಗಲೇ ಬಾಗಿತ್ತು.

ಕೆಳಗೆ ಆಸರೆ ಕೊಟ್ಟು ಚೀಲ ಇಳಿಸುವಷ್ಟರಲ್ಲಿ ಸಂಜೆಯಾಯಿತು. ಕಾಕಾ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮುಂದಿನ ವಾರ ಉಮರ್ಗಾದ ವ್ಯಾಪಾರಿಯೊಬ್ಬರು ಫೋನ್ ಮಾಡಿ, ತಮ್ಮ ಗೋದಾಮಿನ ಲೆಕ್ಕ ನಾನೇ ಮಾಡಬೇಕೆಂದರು. ತೊಲೆ ಬಾಗಿದ ಸಂಗತಿ ಗೊತ್ತೇ ಎಂದು ಕೇಳಿದೆ.

“ನಿಮ್ಮ ಕಾಕಾನೇ ಹೇಳ್ಯಾರ್ರಿ. ತನ್ನ ತಪ್ಪು ಕಂಡ ಕೂಡ್ಲೇ ಎಲ್ಲಾರ ಮುಂದ ಹೇಳಿದಾಕಿ ಅಂತ.”

ಆ ಲೈಬ್ರರಿಯನ್ನು ಈಗಲೂ ಬಳಸುತ್ತೇನೆ. ಅದು ಅಂದೂ ತಪ್ಪು ಹೇಳಿರಲಿಲ್ಲ. ಈಗ ಭಾರ ಎಲ್ಲಿಡುತ್ತೀರಿ ಎಂದು ಮೊದಲು ಮಾಲೀಕರನ್ನು ಕೇಳುತ್ತೇನೆ. ಆದರೆ ಮಕ್ಕಳು ಅಟ್ಟದ ಕೆಳಗೆ ಹೋಳಿಗೆ ತಿನ್ನುತ್ತಿದ್ದಾಗ ನಾನು ಬಾಯಿ ಮುಚ್ಚಿಕೊಂಡು ಕೂತ ಆ ಎರಡು ನಿಮಿಷದ ಮಾತನ್ನು ಕಾಕಾಗೆ ಇನ್ನೂ ಹೇಳಿಲ್ಲ.