ಹೆಸರೆತ್ತಿದ ಮೇಲೆ ಕೇಳಬೇಕು

ಮಾನ್ವಿಯಲ್ಲಿ ಮೈಕಿನ ಆಟೊ ಬಂತೆಂದರೆ ಅದು ವಿನೋದನದೇ. ಬಟ್ಟೆ ಅಂಗಡಿಯ ಉದ್ಘಾಟನೆ, ಪೋಲಿಯೊ ಹನಿ, ಕಳೆದುಹೋದ ಎಮ್ಮೆ, ನಾಳೆ ಕರೆಂಟು ಇರುವುದಿಲ್ಲ ಎಂಬ ಸುದ್ದಿ, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಲುಪಬೇಕು. ಬೇರೆಯವರು ರೆಕಾರ್ಡು ಮಾಡಿದ್ದನ್ನೇ ತಿರುಗಿಸಿ ಮುರುಗಿಸಿ ಹಾಕುತ್ತಾರೆ. ಈ ಮಹಾಶಯ ಮಾತ್ರ ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಮೈಕು ಹಿಡಿದು ನಿಂತ ನಿಲುವಿನಲ್ಲೇ ಪ್ರಾಸ ಕಟ್ಟುತ್ತಾನೆ. ಒಮ್ಮೆ ಎಮ್ಮೆ ಕಳೆದುಕೊಂಡವರು ಮನೆಗೇ ಬಂದು ಜಗಳ ತೆಗೆದರು. ಜನ ಪ್ರಾಸ ಕೇಳಿ ನಕ್ಕರೇ ಹೊರತು ಎಮ್ಮೆಯನ್ನು ಯಾರೂ ಹುಡುಕಲಿಲ್ಲವಂತೆ.

ಈ ಬಾಯಿ ಅವನಿಗೆ ಬಂದದ್ದು ತಾಯಿಯಿಂದ. ಗೋಪಮ್ಮ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿನ ಮುಂದಾಳು. ಕಾಲುವೆಗೆ ನೀರು ಬಿಟ್ಟರೆ ಸಾಕು, ಸಿರವಾರದ ಕಡೆಯಿಂದಲೂ ಆಕೆಗೆ ಫೋನು ಬರುತ್ತದೆ. ಗದ್ದೆಗೆ ಇಳಿದ ಮೇಲೆ ಆಕೆ ಹಾಡಬೇಕು, ಓಣಿಯ ಗೆಳತಿ ಸುಜಾತಾ ಮೊದಲಾಗಿ ಉಳಿದವರು ಸೊಲ್ಲು ಹಿಡಿಯಬೇಕು. ಆ ಹಾಡಿಗೊಂದು ಕಟ್ಟಳೆ ಇದೆ. ಬದುವಿನ ಮೇಲೆ ನಿಂತ ಧಣಿಯ ಹೆಸರೆತ್ತಿ ಮೊದಲು ಹೊಗಳುತ್ತಾರೆ. ಅವನು ಮೀಸೆ ಸವರಿಕೊಳ್ಳುವಷ್ಟರಲ್ಲಿ ಏನಾದರೊಂದು ಕೇಳುತ್ತಾರೆ. ಚಹಾ ಕೇಳಬಹುದು, ಎಲೆ ಅಡಿಕೆ ಕೇಳಬಹುದು, ಉಣ್ಣುವ ಹೊತ್ತಿಗೆ ನೆರಳು ಮಾಡಿಕೊಡು ಅನ್ನಬಹುದು. ಕೊಡುತ್ತೇನೆ ಅಂದರೂ ಸರಿ, ಕೊಡುವುದಿಲ್ಲ ಅಂದರೂ ಸರಿ, ಧಣಿ ಉತ್ತರ ಹೇಳಲೇಬೇಕು. ಅಲ್ಲಿಯವರೆಗೆ ಹೆಂಗಸರು ಸಸಿಯ ಕಟ್ಟು ಹಿಡಿದು, ಕೈ ನಿಲ್ಲಿಸಿ, ಸುಮ್ಮನೆ ಅವನ ಮುಖ ನೋಡುತ್ತಾರೆ. ಆ ನೋಟ ತಡೆದುಕೊಂಡು ಬದು ಇಳಿದು ಹೋದ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಮಗನೂ ಹಾಡು ಕಟ್ಟುವವನಾದ. ಆದರೆ ಅವನದು ರ‍್ಯಾಪು. ಗೋಪಮ್ಮ ಅದನ್ನು ಒಮ್ಮೆಯೂ ಪೂರ್ತಿ ಕೇಳಿದವಳಲ್ಲ. "ಯಾರರ ಬೆನ್ನ ಹತ್ಯಾರೇನು ನಿನಗ? ನಿಂತು ಹಾಡೋ ಯಪ್ಪಾ" ಎಂದು ಫೋನನ್ನು ಮಗ್ಗುಲಿಗೆ ಸರಿಸಿಬಿಡುತ್ತಿದ್ದಳು. ವಿನೋದ ನಗುತ್ತ ಫೋನು ಎತ್ತಿಕೊಳ್ಳುತ್ತಿದ್ದ. ಒಳಗೊಳಗೆ ಮಾತ್ರ ಅದು ಚುಚ್ಚುತ್ತಿತ್ತು. ಊರೆಲ್ಲ ಕೇಳುವ ಬಾಯಿಯನ್ನು ಹೆತ್ತವಳೇ ಕೇಳುವುದಿಲ್ಲ ಎಂದರೆ ಯಾರಿಗಾದರೂ ಬೇಸರವೇ.

ಅವನು ಕಟ್ಟಿದ್ದರಲ್ಲಿ ಅವನಿಗೇ ತುಂಬಾ ಇಷ್ಟವಾದದ್ದು ಒಂದು ಪ್ರೀತಿಯ ಹಾಡು. ರಾಯಚೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪುಸ್ತಕ ಓದುವ ಹುಡುಗಿಯ ಹಾಡು. ಅದಕ್ಕೊಂದು ಒಳ್ಳೆಯ ವಿಡಿಯೊ ಮಾಡಿಸಬೇಕು ಎಂಬುದು ಅವನ ದೊಡ್ಡ ಆಸೆ. ಹಾಡಿಗೆ ತಾಳ ಕೂಡಿಸಿಕೊಟ್ಟವನು ಅಸ್ಮತ್, ದೇವದುರ್ಗದ ಬಸ್ ಸ್ಟ್ಯಾಂಡಿನ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಗೆಳೆಯ. ಅಸ್ಮತನೂ ರ‍್ಯಾಪರ್ರೇ. ಅವನ ಒಂದೊಂದು ಹಾಡಿನಲ್ಲೂ ಪೆಟ್ರೋಲಿನ ದರ, ಜಾತಿ, ಬಂಡವಾಳ, ಮೂರನೆಯ ಮಹಾಯುದ್ಧ ಎಲ್ಲವೂ ಇರುತ್ತವೆ. ಅಷ್ಟು ಅನ್ಯಾಯ ಒಂದೇ ಹಾಡಿನಲ್ಲಿ ತುರುಕಿದ ಮೇಲೆ ಕೇಳುಗರಿಗೆ ಜಾಗ ಉಳಿಯುವುದು ಕಷ್ಟ. ಫೋನು ರಿಪೇರಿಗೆ ಕೊಟ್ಟು ಕಾಯುತ್ತ ಕೂತವರು ಮಾತ್ರ ಬೇರೆ ದಾರಿಯಿಲ್ಲದೆ ಕೇಳುತ್ತಿದ್ದರು.

"ಲೇ ವಿನ್ಯಾ, ರ‍್ಯಾಪ್ ಅಂದ್ರ ಏನಂತ ತಿಳಕೊಂಡಿ?" ಎಂದು ಅವನು ಪ್ರತಿ ಭೇಟಿಯಲ್ಲೂ ಶುರು ಹಚ್ಚಿಕೊಳ್ಳುತ್ತಿದ್ದ. "ತುಳಿಸಿಕೊಂಡವರ ಬಾಯಿ ಅದು. ನಿನ್ನಂಥವ ಬರೇ ಹುಡುಗಿ ಕಣ್ಣು, ಹುಡುಗಿ ಜಡಿ ಅಂತ ಹಾಡಿಕೋತ ಕುಂತರ ಹೆಂಗ? ನಿನಗ ಜವಾಬ್ದಾರಿ ಅದ."

"ನಿನ್ನಂಥವ ಅಂದ್ರ ಎಂಥವಲೇ?" ಎನ್ನುತ್ತಿದ್ದ ವಿನೋದ. "ಸಾವಕಾರನ ಮಗ ಬೈಕ್ ಮ್ಯಾಲ ಹಾಡು ಕಟ್ಟಿದರ ಯಾರೂ ಏನೂ ಕೇಳಂಗಿಲ್ಲ. ನಮ್ಮ ಓಣಿ ಹುಡುಗ ಕಟ್ಟಿದರ, ಸಮಾಜಕ್ಕ ಏನು ಹೇಳಿದಿ ಅಂತ ಕೇಳ್ತೀರಿ. ಪ್ರೀತಿ ಮಾಡಾಕ ನಮಗೊಂದು ರಜಾನೂ ಇಲ್ಲೇನು?"

ಅಸ್ಮತ್ ಬಿಚ್ಚಿಟ್ಟ ಫೋನಿನ ಕಡೆ ತಿರುಗುತ್ತಿದ್ದ. ಆದರೂ ಮುಂದಿನ ವಾರ ಮತ್ತೆ ಅದೇ ರಾಗ.

ಹೀಗಿರುವಾಗ ಗಡಿಗೆಪ್ಪ ಸಾವಕಾರರು ಹೇಳಿಕಳಿಸಿದರು. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಇವರಿಗೆ ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಹುಟ್ಟಿತ್ತು. ಅದಕ್ಕೇ ಈ ಸಲದ ಹುಟ್ಟುಹಬ್ಬ ರಾಯಚೂರಿನ ದೊಡ್ಡ ಕಲ್ಯಾಣ ಮಂಟಪದಲ್ಲಿ, ಪಕ್ಷದ ಮುಖಂಡರ ಕಣ್ಣಿಗೆ ಬೀಳುವ ಹಾಗೆ ನಡೆಯಬೇಕಿತ್ತು.

"ಈಗಿನ ಹುಡುಗರು ರ‍್ಯಾಪ್ ಕೇಳ್ತಾರಂತಲ್ಲ ತಮ್ಮಾ. ನನ್ನ ಮ್ಯಾಲೊಂದು ಕಟ್ಟು" ಎಂದರು ಸಾವಕಾರರು. "ಚೊಲೋ ಆತಂದ್ರ ನಿನ್ನ ಪ್ರೀತಿ ಹಾಡಿಂದು ವಿಡಿಯೊ ನಾನೇ ಮಾಡಿಸ್ತೀನಿ. ಡ್ರೋನ್ ಕ್ಯಾಮೆರಾ ತರಿಸೋಣ, ಕುಣಿಯಾಕ ಹುಡುಗರನ್ನ ಕರಸೋಣ."

ಡ್ರೋನ್ ಎಂಬ ಮಾತು ಕಿವಿಗೆ ಬಿದ್ದದ್ದೇ ವಿನೋದ ಅರ್ಧ ಆಕಾಶಕ್ಕೆ ಏರಿದ. ಮನೆಗೆ ಬರುವ ದಾರಿಯಲ್ಲೇ ಹಾಡು ತಯಾರಾಯಿತು. ಅಕ್ಕಿ ಆರಿಸುತ್ತ ಕೂತಿದ್ದ ತಾಯಿಯ ಮುಂದೆ ನಿಂತು, ಆಕೆಗೆ ತಿಳಿಯಲೆಂದು ನಿಧಾನವಾಗಿ ಹೇಳಿದ:

"ಗಿರಣಿಯ ಧಣಿ ಗಡಿಗೆಪ್ಪ, ಗಟ್ಟಿ ಮನುಷ್ಯ ನೀನಪ್ಪ,
ಅಕ್ಕಿಗೆ ನೀ ಹೊಳಪು ಕೊಟ್ಟಿ, ಊರಿಗೆ ನೀ ಹೆಸರು ಕೊಟ್ಟಿ..."

ಗೋಪಮ್ಮ ಮೊದಲ ಸಲ ಮೊರ ಕೆಳಗಿಟ್ಟು ಕೇಳಿದಳು. ಹೆಸರೆತ್ತುವ ಹಾಡು ಆಕೆಯ ಕಸುಬಿನದು ನೋಡಿ. ಮುಗಿದ ಮೇಲೂ ಬಾಯಿ ನೋಡುತ್ತಲೇ ಇದ್ದಳು.

"ಆಮ್ಯಾಲ?"

"ಆಮ್ಯಾಲೇನಿಲ್ಲವ್ವಾ. ಮುಗೀತು."

"ಹೆಸರು ಎತ್ತಿದಿ. ಏನು ಕೇಳಿದಿ?"

"ಹುಟ್ಟುಹಬ್ಬ ಅದ. ಹುಟ್ಟುಹಬ್ಬದಾಗ ಏನು ಕೇಳಲಿ?"

"ಹಂಗಾರ ಅದು ಹಾಡಲ್ಲ ಬಿಡು" ಎಂದು ಆಕೆ ಮತ್ತೆ ಮೊರ ಎತ್ತಿಕೊಂಡಳು. "ಬಾಗಲದಾಗ ನಿಂತು ಸಲಾಮು ಹೊಡದಂಗ ಆತು."

ಏನು ಕೇಳಬೇಕು ಎಂಬುದು ಆ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ನಾಟಿಯ ಹೆಂಗಸರು ಬೆಳಕು ಹರಿಯುವಾಗ ಗಡಿಗೆಪ್ಪನವರ ಗಿರಣಿಯ ಮುಂದೆ ಸೇರುತ್ತಾರೆ. ಅಲ್ಲಿಂದಲೇ ಟಂಟಂ ಗಾಡಿಗಳು ಅವರನ್ನು ಗದ್ದೆಗೆ ಒಯ್ಯುವುದು. ಆ ಹೆಂಗಸರಿಗಾಗಿ ಸಾವಕಾರರು ತಮ್ಮ ತಂದೆಯ ಹೆಸರಿನಲ್ಲಿ, ತಮ್ಮದೇ ಜಾಗದಲ್ಲಿ ಒಂದು ಶೌಚಾಲಯ ಕಟ್ಟಿಸಿದ್ದರು. ಕಟ್ಟಿಸಿದ್ದು ಸುಳ್ಳಲ್ಲ. ಗುಲಾಬಿ ಬಣ್ಣ ಬಳಿಸಿ, ರಿಬ್ಬನ್ನು ಕತ್ತರಿಸಿ, ಫೋಟೊ ತೆಗೆಸಿಕೊಂಡು, ಹೊಲಸಾಗಿಬಿಡುತ್ತದೆ ಎಂದು ಅಂದೇ ಕೀಲಿ ಹಾಕಿಸಿದರು. ಈಗ ಅದರೊಳಗೆ ಖಾಲಿ ಗೋಣಿಚೀಲಗಳು ಆರಾಮವಾಗಿವೆ. ಹೆಂಗಸರು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಿಸಿಲಲ್ಲಿ ದಿನವಿಡೀ ಬಗ್ಗಿ ದುಡಿದು ಬಂದ ತಾಯಿ ಸಂಜೆ ಹೊಟ್ಟೆ ಹಿಡಿದುಕೊಂಡು ಮಲಗುವುದನ್ನು ವಿನೋದ ನೋಡಿದ್ದ. ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು, ಏನಾದರೂ ತಮಾಷೆ ಮಾಡಿ ಮರೆಸುತ್ತಿದ್ದ.

ಮರುದಿನ ದೇವದುರ್ಗಕ್ಕೆ ಹೋಗಿ ಅಸ್ಮತನಿಗೆ ಎಲ್ಲ ಹೇಳಿದ. ಹಾಡಿನ ಕೊನೆಗೆ ಸೇರಿಸಬಹುದಾದ ಇನ್ನೊಂದು ನುಡಿಯನ್ನೂ ಓದಿ ತೋರಿಸಿದ. ಕ್ರಾಂತಿಕಾರಿ ಗೆಳೆಯ ಎದ್ದು ಬಂದು ಅಪ್ಪಿಕೊಳ್ಳುತ್ತಾನೆ ಎಂದು ಅವನ ನಿರೀಕ್ಷೆ. ಅಸ್ಮತ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಗಲ್ಲ ಕೆರೆದುಕೊಂಡ.

"ಸಾವಕಾರ ಖರೇನ ಡ್ರೋನ್ ತರಿಸ್ತೀನಿ ಅಂದನೇನಲೇ?"

"ಹೂಂ."

"ಹಂಗಾರ ಮೊದಲ ವಿಡಿಯೊ ಆಗಲಿ. ಆಮ್ಯಾಲ ಕ್ರಾಂತಿ ಮಾಡೋಣಂತ."

ವಿನೋದನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ವರ್ಷಗಟ್ಟಲೆ ಜವಾಬ್ದಾರಿಯ ಪಾಠ ಹೇಳಿದವನು ಡ್ರೋನಿನ ಹೆಸರಿಗೇ ಮೆತ್ತಗಾಗಿಬಿಟ್ಟಿದ್ದ. ಆದರೆ ಅವನನ್ನು ಬೈಯುವ ಹಾಗೂ ಇರಲಿಲ್ಲ, ತನಗೂ ಅದೇ ಆಸೆ ತಾನೇ. ಕೊನೆಯ ನುಡಿ ಬೇಡವೆಂದು ಇಬ್ಬರೂ ತೀರ್ಮಾನಿಸಿ, ಮಂಡಾಳ ಒಗ್ಗರಣೆ ಮಿರ್ಚಿ ತಿಂದು ಎದ್ದರು.

ಹುಟ್ಟುಹಬ್ಬದ ದಿನ ಮಂಟಪ ತುಂಬಿಸುವುದಕ್ಕೆ ಸಾವಕಾರರು ತಮ್ಮ ಗಿರಣಿಯ ಮುಂದೆ ಸೇರುವ ಹೆಂಗಸರನ್ನೇ ಟಂಟಂಗಳಲ್ಲಿ ಹೇರಿಸಿಕೊಂಡು ರಾಯಚೂರಿಗೆ ಕರೆಸಿದ್ದರು. ಅಂದಿನ ಕೂಲಿ, ಹೋಳಿಗೆ ಊಟ, ಕೂಡಲು ಮೆತ್ತನೆಯ ಕುರ್ಚಿ. ಗೋಪಮ್ಮನ ಗುಂಪು ಇಡಿಯಾಗಿ ಬಂದಿತ್ತು. ವೇದಿಕೆಯ ಪಕ್ಕ ಅಸ್ಮತನ ಜೊತೆ ಮೈಕು ಪರೀಕ್ಷಿಸುತ್ತಿದ್ದ ವಿನೋದ ನೋಡುತ್ತಿದ್ದಾನೆ, ಇಳಿದವರು ಯಾರೂ ಅಲಂಕಾರ ನೋಡಲಿಲ್ಲ, ಹೋಳಿಗೆಯ ವಾಸನೆಗೂ ತಿರುಗಲಿಲ್ಲ. ಸೀದಾ ಶೌಚಾಲಯದ ಕಡೆ ನಡೆದರು. ಹೊರಗೆ ಬರುವಾಗ ಎಲ್ಲರ ಮುಖದಲ್ಲೂ ನಗು.

"ನಳದಾಗ ನೀರು ಬರ್ತದ, ಸಬಕಾರನೂ ಇಟ್ಟಾರ" ಎಂದು ಸುಜಾತಾ ಸಾರಿದಳು.

"ಇಲ್ಲೇ ಇದ್ದುಬಿಡೋಣೇನು ಮತ್ತ?" ಎಂದಳು ಗೋಪಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ವಿನೋದನಿಗೆ ನಗು ಬರಲಿಲ್ಲ. ಕೀಲಿ ಹಾಕದ ಒಂದು ಬಾಗಿಲು ಕಂಡದ್ದಕ್ಕೇ ತಾಯಿ ಇಷ್ಟು ಖುಷಿಪಡುತ್ತಾಳಲ್ಲ ಅನ್ನಿಸಿತು. ಡ್ರೋನು, ಕುಣಿಯುವ ಹುಡುಗರು, ಎಲ್ಲದರ ಮೇಲೂ ನಾಚಿಕೆಯಾಯಿತು.

ಅವನ ಸರದಿ ಬಂತು. ಹೊಗಳಿಕೆಯ ನುಡಿಗೆ ಮುಖಂಡರು ಚಪ್ಪಾಳೆ ತಟ್ಟಿದರು. ಸಾವಕಾರರು ಮೀಸೆ ಸವರಿಕೊಂಡರು. ಹಾಡು ಅಲ್ಲಿಗೆ ಮುಗಿಯಬೇಕಿತ್ತು, ಅಸ್ಮತ್ ತಾಳವನ್ನೂ ನಿಲ್ಲಿಸಿಬಿಟ್ಟಿದ್ದ. ವಿನೋದ ತಾಳವಿಲ್ಲದೆಯೇ ಮುಂದುವರಿಸಿದ:

"ಕೋಣಿ ಕಟ್ಟಿಸಿದಿ, ಬಣ್ಣ ಹಚ್ಚಿಸಿದಿ, ರಿಬ್ಬನ್ ಕತ್ತರಿಸಿದಿ,
ಫೋಟೊ ತೆಗೆಸಿದಿ, ಹಾರ ಹಾಕಿಸಿದಿ, ಕೀಲಿ ಯಾಕ ಹಾಕಿಸಿದಿ?"

ಹಿಂದಿನ ಸಾಲುಗಳ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಸುಜಾತಾ, ಗದ್ದೆಯಲ್ಲಿ ಮಾಡುವ ಹಾಗೆಯೇ, ಸೊಲ್ಲು ಎತ್ತಿದಳು: "ಏನ ಹೇಳತೀಯೋ ನಮ್ಮ ಧಣಿ?" ಇಡೀ ಮಂಟಪದ ಹೆಂಗಸರು ದನಿ ಕೂಡಿಸಿದರು. ಎರಡನೆಯ ಸಲ ಹಾಡಿ ಎಲ್ಲರೂ ಥಟ್ಟನೆ ನಿಂತರು. ಚಪ್ಪಾಳೆ ಇಲ್ಲ, ಮಾತಿಲ್ಲ. ಕೈ ಮಡಿಲಲ್ಲಿಟ್ಟು ಗಡಿಗೆಪ್ಪನವರ ಮುಖ ನೋಡುತ್ತ ಕೂತರು.

ಮುಖಂಡರಿಗೆ ಇದೇನೆಂದು ತಿಳಿಯಲಿಲ್ಲ. ಗಡಿಗೆಪ್ಪನವರಿಗೆ ಚೆನ್ನಾಗಿ ತಿಳಿಯಿತು. ಅವರೂ ಗದ್ದೆಯ ಬದುವಿನ ಮೇಲೆ ಬೆಳೆದವರೇ, ಅವರ ತಂದೆ ಈ ನೋಟಕ್ಕೆ ಎಷ್ಟೋ ಸಲ ಚಹಾ ತರಿಸಿದ್ದನ್ನು ಕಂಡವರೇ. ಎದ್ದು ಮೈಕು ಇಸಿದುಕೊಂಡರು.

"ಆತು. ನಾಳಿಂದ ಕೀಲಿ ತೆಗಿಸ್ತೀನಿ."

ಯಾರೂ ಅಲುಗಾಡಲಿಲ್ಲ. ಗೋಪಮ್ಮ ಎದ್ದು ನಿಂತಳು. "ನಾಳಿ ತೆಗೆದು ನಾಡದು ಹಾಕಿದರ ಏನ್ಮಾಡೂಣ್ರೀ ಸಾವಕಾರ?"

ಸಾವಕಾರರು ಒಮ್ಮೆ ಮುಖಂಡರನ್ನು ನೋಡಿದರು, ಒಮ್ಮೆ ಹೆಂಗಸರನ್ನು ನೋಡಿದರು. ಆಮೇಲೆ ಅವರಿಗೇ ನಗು ಬಂತು. ಗುಮಾಸ್ತನನ್ನು ಕರೆದು, ಅವನ ಸೊಂಟದ ಗೊಂಚಲಿನಿಂದ ಒಂದು ಕೀಲಿಕೈ ಬಿಚ್ಚಿಸಿ, ಗೋಪಮ್ಮನನ್ನು ವೇದಿಕೆಯ ಮೇಲೇ ಕರೆಸಿ ಆಕೆಯ ಕೈಗೆ ಕೊಟ್ಟರು. ಮಂಟಪ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮುಖಂಡರೊಬ್ಬರು ಸಾವಕಾರರ ಬೆನ್ನು ತಟ್ಟಿ, ಕಾರ್ಯಕ್ರಮ ಬಹಳ ಜನಪರವಾಗಿದೆ ಎಂದು ಹೊಗಳಿದರು.

ಕೆಳಗೆ ಇಳಿಯುವಾಗ ಸಾವಕಾರರು ವಿನೋದನ ಭುಜ ಹಿಡಿದರು. "ಹಾಡು ಭಾರಿ ಇತ್ತು ತಮ್ಮಾ. ವಿಡಿಯೊ ಮರತುಬಿಡು."

"ಮರತೀನ್ರಿ" ಎಂದ ವಿನೋದ. ಆಸೆ ಮಾತ್ರ ಪೂರ್ತಿ ಹೋಗಿರಲಿಲ್ಲ, ಸುಳ್ಳು ಹೇಳಬಾರದು.

ಸಂಜೆ ಬಿಸಿಲಿರುವಾಗಲೇ ಟಂಟಂ ಮಾನ್ವಿಯ ದಾರಿ ಹಿಡಿಯಿತು. ಗೆಳೆಯರಿಬ್ಬರೂ ಹೆಂಗಸರ ನಡುವೆ ಇರುಕಿಕೊಂಡಿದ್ದರು. ಅಸ್ಮತನಿಗೆ ಮತ್ತೆ ಹುಮ್ಮಸ್ಸು ಬಂದಿತ್ತು. "ಈಗ ಒಪ್ಪಿಕೊಂಡಿಯೇನು? ಹಾಡುವವರಿಗೆ ಜವಾಬ್ದಾರಿ ಅದ ಅಂತ?"

"ಎಲ್ಲಾ ಹಾಡಿನ್ಯಾಗ ಇಲ್ಲ" ಎಂದ ವಿನೋದ. "ಧಣಿ ಹೆಸರು ಎತ್ತಿದ ಹಾಡಿನ್ಯಾಗ ಅದ."

"ಹಂಗಾರ ಇನ್ನ ರಸ್ತೆ ಮ್ಯಾಲೊಂದು, ದವಾಖಾನಿ ಮ್ಯಾಲೊಂದು..."

"ಏ, ಸುಮ್ನ ಕೂಡೋ ಅಸ್ಮತ್" ಎಂದು ಗೋಪಮ್ಮ ಗದರಿದಳು. "ದಿನಾ ಅದನ್ನ ಅನುಭವಿಸ್ತೀವಿ, ಮತ್ತ ದಿನಾ ಅದನ್ನೇ ಕೇಳಬೇಕೇನು ನಾವು? ನಮಗೂ ಒಂದು ಪ್ರೀತಿ ಹಾಡು ಕೇಳಬೇಕು ಅನಸ್ತದ." ಮಗನ ಕಡೆ ತಿರುಗಿದಳು. "ಆ ಬಸ್ಸಿನ ಹುಡುಗಿದು ಹಾಡು. ಪೂರಾ ಹಾಡು, ಕೇಳ್ತೀನಿ."

ವಿನೋದ ಮುಷ್ಟಿಯನ್ನು ಮೈಕಿನ ಹಾಗೆ ಬಾಯಿಯ ಬಳಿ ಹಿಡಿದ. ಹಾಡಿದ. ಹೆಂಗಸರು ಗಾಡಿಯ ತಗಡು ಬಡಿದು ತಾಳ ಹಾಕಿದರು. ಗೋಪಮ್ಮ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಅವನಿಗೆ ಇಷ್ಟು ವರ್ಷದ ಹಾಡಿಕೆ ಸಾರ್ಥಕವಾಯಿತು ಅನ್ನಿಸಿತು.

"ಚೊಲೋ ಅದ" ಎಂದಳು ತಾಯಿ. "ಆದರ ಹುಡುಗಿ ಹೆಸರು ಯಾಕ ಎತ್ತಿಲ್ಲ?"

ಹೆಂಗಸರೆಲ್ಲ ಅದನ್ನೇ ಹಿಡಿದುಕೊಂಡರು. ಸಾವಕಾರನ ಹೆಸರೆತ್ತಿದವನಿಗೆ ಒಂದು ಹುಡುಗಿಯ ಹೆಸರು ಭಾರವೇ ಎಂದು ಪೀಡಿಸಿದರು. ತಪ್ಪಿಸಿಕೊಳ್ಳಲು ಜಾಗವಿಲ್ಲದ ಗಾಡಿ. ವಿನೋದ ರಸ್ತೆಯ ಕಡೆ ಮುಖ ಮಾಡಿ "ವಿಶಾಖಾ" ಎಂದ.

ಗಾಡಿಯಲ್ಲಿದ್ದವರೆಲ್ಲ ಸುಜಾತಾಳ ಕಡೆ ತಿರುಗಿದರು. ರಾಯಚೂರಿಗೆ ಓಡಾಡಿ ಬಿ.ಎಡ್. ಓದುವ ವಿಶಾಖಾ ಆ ಓಣಿಯಲ್ಲಿ ಒಬ್ಬಳೇ. ಅವಳ ತಾಯಿ ಸುಜಾತಾ ವಿನೋದನ ಎದುರಿಗೇ ಕೂತಿದ್ದಳು.

"ಹೆಸರು ಎತ್ತಿದಿ" ಎಂದಳು ಸುಜಾತಾ, ಮುಖ ಬಿಗಿದುಕೊಂಡು. "ಈಗ ಕೇಳು."

ಹುಟ್ಟಿದಾಗಿನಿಂದ ಸುಜಾತಕ್ಕ ಎಂದು ಕರೆದ ಬಾಯಿ. ಎಂಥ ಪ್ರಾಸಕ್ಕೂ ತಡವರಿಸದ ಬಾಯಿ. ಆ ಹೊತ್ತಿಗೆ ಅದರಿಂದ ಹೊರಟದ್ದು ಒಂದೇ ಮಾತು: "ಅತ್ತೀ..."

ಹೆಂಗಸರ ನಗುವಿಗೆ ಚಾಲಕ ಗಾಡಿಯನ್ನೇ ಬದಿಗೆ ನಿಲ್ಲಿಸಬೇಕಾಯಿತು. ಸುಜಾತಾಳ ಬಿಗಿದ ಮುಖವೂ ಸಡಿಲಾಯಿತು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಅವನ ಮಂಡಿಗೆ ಒಂದು ಏಟು ಹಾಕಿದಳು.

"ನನ್ನ ಅತ್ತಿ ಮಾಡಿಕೊಳ್ಳೂದು ಆಮ್ಯಾಲ. ಮೊದಲ ಆಕಿನ್ನ ಕೇಳು."