ಬೀಜ ವಾಪಸ್ ಕೇಳುತ್ತಿದ್ದ ಅಜ್ಜಿ

ಮೊನ್ನೆ ಬಸ್ ಸ್ಟ್ಯಾಂಡಿನ ಹತ್ತಿರ ಸೀತಾಫಲ ತಂದೆ. ಮನೆಯಲ್ಲಿ ಒಂದೊಂದನ್ನೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರೆ ಬಟ್ಟೆಗೆಲ್ಲ ಕೆಂಪು ಹತ್ತಿತು. ಸಂಡೂರು ಗುಡ್ಡದ ಮಣ್ಣು. ಎಷ್ಟು ಒರೆಸಿದರೂ ಸಂದಿಯಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಒಂದು ಹಣ್ಣಿನ ತೊಟ್ಟಿನ ಜೊತೆ ಎರಡು ಎಲೆಯೂ ಬಂದಿದ್ದವು. ಸುಮ್ಮನೆ ಒಂದನ್ನು ಹಿಸುಕಿ ಮೂಗಿಗೆ ಹಿಡಿದೆ. ಹಸಿ ಹಸಿ, ಒಗರು, ಒಂಚೂರು ಕಮಟು... ಆ ವಾಸನೆಗೆ ನಾನು ನಿಂತಿದ್ದ ಅಡುಗೆಮನೆಯೇ ಎಲ್ಲೋ ಸರಿದುಹೋಯಿತು. ಹನ್ನೊಂದು ವರ್ಷದ ನಾನು ಹಳೆಯ ಓಣಿಯ ಕಟ್ಟೆಯ ಮೇಲೆ ಕೂತಿದ್ದೆ, ಗೋಡೆಯ ಮೇಲೊಂದು ಬುಟ್ಟಿ ತೇಲಿಕೊಂಡು ಬರುತ್ತಿತ್ತು.

ಹೊಸಪೇಟೆಯ ನಮ್ಮ ಆ ಓಣಿಗೆ ಒಂದು ಬದಿ ಪೂರ್ತಿ ಅಕ್ಕಿ ಗಿರಣಿಯ ಗೋಡೆ. ಅಪ್ಪ ಆ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಗೋಡೆಯ ಆಚೆ ಕಾಲುವೆ ದಾರಿ. ಅಲ್ಲಿ ನಡೆದು ಬರುವವರು ನಮಗೆ ಕಾಣುತ್ತಿರಲಿಲ್ಲ, ತಲೆಯ ಮೇಲೆ ಹೊತ್ತದ್ದು ಮಾತ್ರ ಕಾಣುತ್ತಿತ್ತು. ಸೀತಾಫಲದ ಕಾಲದಲ್ಲಿ ಮಧ್ಯಾಹ್ನದ ಸಂಡೂರು ಬಸ್ಸು ಬಂದು ಸ್ವಲ್ಪ ಹೊತ್ತಿಗೆ ಗೋಡೆಯ ಅಂಚಿನ ಮೇಲೆ ಆ ಬುಟ್ಟಿ ಮೆಲ್ಲಗೆ, ಅಲುಗದೆ, ನೀರಿನ ಮೇಲೆ ಬರುವ ಹಾಗೆ ಬರುತ್ತಿತ್ತು. ಗೋಡೆ ಮುಗಿದಲ್ಲಿ ಬುಟ್ಟಿಯ ಕೆಳಗೆ ಅಜ್ಜಿ ಹುಟ್ಟಿಕೊಳ್ಳುತ್ತಿದ್ದಳು.

ಅವಳ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಬೀಜದಜ್ಜಿ ಅನ್ನುತ್ತಿದ್ದೆವು. ಸೀರೆ ಯಾವ ಬಣ್ಣದ್ದಾದರೂ ಅಂಚೆಲ್ಲ ಕೆಂಪು ಧೂಳು. ಎಡಗಣ್ಣಿನಲ್ಲಿ ಹಾಲು ಬಿದ್ದ ಹಾಗೆ ಬಿಳುಪು. ಮಾತಾಡುವಾಗ ಕುತ್ತಿಗೆ ಹೊರಳಿಸಿ ಬಲಗಣ್ಣಿನಲ್ಲೇ ನೋಡುತ್ತಿದ್ದಳು, ಹಾಗಾಗಿ ಎಲ್ಲರನ್ನೂ ಅನುಮಾನದಿಂದ ನೋಡುತ್ತಾಳೇನೋ ಅನಿಸುತ್ತಿತ್ತು.

ಹಣ್ಣಿಗೆ ಬದಲಾಗಿ ನಮ್ಮ ಓಣಿಯವರು ಗಿರಣಿಯ ನುಚ್ಚು ಕೊಡುತ್ತಿದ್ದರು. ಆದರೆ ಅವಳು ಬುಟ್ಟಿ ಇಳಿಸುವ ಮೊದಲೇ ಕೇಳುತ್ತಿದ್ದದ್ದು ನುಚ್ಚನ್ನಲ್ಲ. ಹೋದ ಸಲ ತಿಂದ ಹಣ್ಣಿನ ಬೀಜ ಕೇಳುತ್ತಿದ್ದಳು! ಕೊಟ್ಟವರಿಗೆ ಹಣ್ಣು, ಕೊಡದವರ ಮನೆಯ ಮುಂದೆ ಬುಟ್ಟಿ ಇಳಿಯುತ್ತಲೇ ಇರಲಿಲ್ಲ. ಹೆಂಗಸರು ನಗುತ್ತಿದ್ದರು. ಎಣ್ಣೆ ಗಾಣದವರಿಗೆ ಮಾರುತ್ತಾಳೆ ಅಂತ ಒಬ್ಬರು, ದೊಡ್ಡ ತೋಟ ಮಾಡುತ್ತಾಳೆ ಬಿಡು ಅಂತ ಇನ್ನೊಬ್ಬರು. ತಲೆ ಸ್ವಲ್ಪ ಸಡಿಲ ಅಂತ ನಮ್ಮಮ್ಮನ ತೀರ್ಮಾನ. ಅವಳನ್ನೇ ಕೇಳಿದರೆ, ಗುಡ್ಡದ್ದು ಗುಡ್ಡಕ್ಕೆ ಹೋಗಬೇಕು ಅಂದು ಬೀಜವನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

ನುಚ್ಚು ಸೆರಗಿಗೆ ಹಾಕಿಸಿಕೊಂಡ ಮೇಲೆ ನಮ್ಮ ಕಟ್ಟೆಯ ಮೇಲೆ ನೀರು ಕುಡಿದು ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಗಿರಣಿಯ ಸದ್ದು ಕೂಡ ಜೋಗುಳದ ಹಾಗೆ ಕೇಳುತ್ತಿತ್ತು. ಓಣಿಯವರು ಒಬ್ಬೊಬ್ಬರೇ ಬಂದು ಅದಕ್ಕೇನು ಮದ್ದು, ಇದಕ್ಕೇನು ಮದ್ದು ಅಂತ ಕೇಳುವರು. ಕುರುವಿಗೆ ಸೀತಾಫಲದ ಎಲೆ ಅರೆದು ಸುತ್ತ ಹಚ್ಚಿರಿ ಅನ್ನುತ್ತಿದ್ದಳು. ಎತ್ತಿನ ಗಾಯಕ್ಕೆ ಹುಳ ಬಿದ್ದರೆ ಅದೇ ಎಲೆ. ಹೊಟ್ಟೆ ಕೆಟ್ಟರೆ ಒಣಗಿಸಿದ ಕಾಯಿ ಚಿಟಿಕೆಯಷ್ಟು, ಅದೂ ದೊಡ್ಡವರಿಗೆ ಮಾತ್ರ. ಮಗು ಬೀಜ ನುಂಗಿತು ಅಂತ ಯಾರಾದರೂ ಓಡಿ ಬಂದರೆ, ಹಾಗೇ ಹೋಗುತ್ತದೆ, ಹೆದರಬೇಡಿ, ಕಡಿಯದ ಹಾಗೆ ಮಾತ್ರ ನೋಡಿಕೊಳ್ಳಿ ಅನ್ನುತ್ತಿದ್ದಳು. ಎಲೆಯ ಕಷಾಯ ಕುಡಿಯಬಹುದೇ ಅಂದರೆ ಸಿಟ್ಟು ಬರುತ್ತಿತ್ತು. ಹಚ್ಚುವುದೇ ಬೇರೆ, ಕುಡಿಯುವುದೇ ಬೇರೆ ಅಂತ ಅವಳ ಲೆಕ್ಕ. ಬಸುರಿ ಇರುವ ಮನೆಯಲ್ಲಂತೂ ಒಂದು ಬೀಜವನ್ನೂ ಬಿಡದೆ ಹೆಕ್ಕಿಕೊಂಡು ಹೋಗುತ್ತಿದ್ದಳು. ಈಗ ನನ್ನ ಮೊಬೈಲಿಗೆ ದಿನಾ ಬೆಳಿಗ್ಗೆ ಬಂದು ಬೀಳುವ ಮದ್ದುಗಳನ್ನು ನೋಡುವಾಗ, ಅಯ್ಯೋ, ಇವರನ್ನೆಲ್ಲ ಒಂದು ದಿನ ಆ ಕಟ್ಟೆಯ ಮೇಲೆ ಕೂರಿಸಬೇಕಿತ್ತು ಅನಿಸುತ್ತದೆ.

ಆ ವರ್ಷ ಕಂಪ್ಲಿಯಲ್ಲಿ ನಮ್ಮ ಸೋದರತ್ತೆಯ ಮಗಳ ಮದುವೆ. ನನಗೆ ಮೊಣಕಾಲು ಮುಟ್ಟುವ ಜಡೆ ಇತ್ತು, ಮದುವೆಗೆ ಮೊಗ್ಗಿನ ಜಡೆ ಹಾಕಿಸುತ್ತೇನೆ ಅಂತ ಅತ್ತೆ ಹೇಳಿ ಕಳಿಸಿದ್ದರು. ಆ ಜಡೆಯ ಕನಸಿನಲ್ಲೇ ನಾನು ಶಾಲೆಗೆ ಹೋಗಿ ಬರುತ್ತಿದ್ದೆ. ಹಾಗಿರುವಾಗ ನನ್ನ ತಲೆಯಲ್ಲೂ ಐದು ವರ್ಷದ ತಂಗಿಯ ತಲೆಯಲ್ಲೂ ಹೇನು. ಅಮ್ಮ ಸೀರಣಿಗೆ ಹಾಕಿ ಹಾಕಿ ಸೋತರು. ನೆಂಟರ ಮುಂದೆ ಮಾನ ಕಳೆಯುತ್ತೀರಿ, ಭಾನುವಾರದೊಳಗೆ ಹೋಗದಿದ್ದರೆ ಇಬ್ಬರ ಕೂದಲೂ ಕಿವಿಯ ಮಟ್ಟಕ್ಕೆ ಕತ್ತರಿಸುತ್ತೇನೆ ಅಂದುಬಿಟ್ಟರು. ಅಮ್ಮ ಅಂದರೆ ಅಂದ ಹಾಗೇ.

ಸೀತಾಫಲದ ಬೀಜದ ಪುಡಿಗೆ ಹೇನು ಸಾಯುತ್ತವೆ ಅಂತ ಶಾಲೆಯಲ್ಲಿ ಗೆಳತಿ ಹೇಳಿದ್ದಳು. ಅಜ್ಜಿ ಕಟ್ಟೆಯ ಮೇಲಿದ್ದಾಗ, ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೌದೇ ಅಂತ ಕೇಳಿದೆ. ಅಜ್ಜಿ ಬಲಗಣ್ಣು ನನ್ನ ಕಡೆ ತಿರುಗಿಸಿದಳು.

"ಹೇನೂ ಸಾಯ್ತಾವ, ಕಣ್ಣೂ ಸಾಯ್ತಾವ. ಆ ಉಸಾಬರಿ ಬ್ಯಾಡ ಮಗಾ."

ಅಷ್ಟು ಸ್ಪಷ್ಟವಾಗಿ ಹೇಳಿದ್ದಳು. ಆದರೆ ನನಗೆ ಮೊದಲ ಅರ್ಧ ಮಾತ್ರ ಕಿವಿಗೆ ಹೋಯಿತು. ಆ ದಿನ ಬೀಜ ವಾಪಸ್ ಕೊಡುವಾಗ ಎರಡು ಹಿಡಿ ಬೀಜ ನನ್ನ ಕಂಪಾಸ್ ಬಾಕ್ಸಿನಲ್ಲಿ ಉಳಿದವು.

ಶನಿವಾರ ಮಧ್ಯಾಹ್ನ ಅಮ್ಮ ಪಕ್ಕದ ಮನೆಯಲ್ಲಿ ಕುಪ್ಪಸಕ್ಕೆ ಹೊಲಿಗೆ ಹಾಕಿಸುತ್ತಿದ್ದರು. ಏಲಕ್ಕಿ ಕುಟ್ಟುವ ಕಲ್ಲಿನಲ್ಲಿ ಒಂದು ಹಿಡಿ ಬೀಜ ಕುಟ್ಟಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಈಗ ಬರೆಯುವುದಕ್ಕೆ ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನನ್ನ ತಲೆಗೆ ಹಚ್ಚಿಕೊಳ್ಳಲು ಹೆದರಿಕೆಯಾಯಿತು. ಹಾಗಾಗಿ ತಂಗಿಯನ್ನು ಕರೆದೆ. ಅವಳು ಕುಣಿಯುತ್ತಾ ಬಂದು ನನ್ನ ಮುಂದೆ ತಲೆ ಬಗ್ಗಿಸಿ ಕೂತಳು. ಹಚ್ಚಿ, ಬಟ್ಟೆ ಸುತ್ತಿದೆ. ಸೆಕೆ ಇತ್ತು. ಬೆವರಿನ ಜೊತೆ ಎಣ್ಣೆ ಹಣೆಗೆ ಇಳಿಯಿತು, ಅವಳು ಎರಡೂ ಕೈಯಲ್ಲಿ ಕಣ್ಣು ಉಜ್ಜಿಕೊಂಡಳು.

ಆ ಚೀರು ಈಗಲೂ... ಬೇಡ. ನನಗೆ ಕೂತಲ್ಲಿಂದ ಏಳಲಾಗಲಿಲ್ಲ. ಬಾಗಿಲಲ್ಲಿ ಬುಟ್ಟಿ ಬಿದ್ದ ಸದ್ದು ಕೇಳಿತು. ಹಣ್ಣೆಲ್ಲ ಉರುಳಿ ಒಳಗೆ ಬಂದವು, ಅವುಗಳ ಹಿಂದೆ ಅಜ್ಜಿ. ಕಲ್ಲು ನೋಡಿದಳು, ನನ್ನ ಕೈ ನೋಡಿದಳು. ತಂಗಿಯನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದಳು. ಮೂರು ದಿನಕ್ಕೊಮ್ಮೆ ಬರುವ ಕುಡಿಯುವ ನೀರು ತಾಮ್ರದ ಹಂಡೆಯಲ್ಲಿತ್ತು. ರೆಪ್ಪೆಗಳನ್ನು ಎರಡು ಬೆರಳಿನಿಂದ ಅಗಲಿಸಿ ಹಿಡಿದು, ಚೊಂಬಿನಿಂದ ಸಣ್ಣಗೆ, ಒಂದೇ ಸಮನೆ ಆ ನೀರು ಹೊಯ್ಯತೊಡಗಿದಳು. ನನ್ನ ಕೈಗೂ ಒಂದು ಚೊಂಬು ಕೊಟ್ಟು ತುಂಬಿ ತುಂಬಿ ಕೊಡಲು ಹೇಳಿದಳು.

ಅಮ್ಮ ಓಡಿ ಬಂದರು, ಓಣಿಯೆಲ್ಲ ಬಂತು. ಒಬ್ಬರು ಹರಳೆಣ್ಣೆ ತಂದರು, ಬಾಣಂತಿಯೊಬ್ಬಳು ಎದೆಹಾಲು ಬಿಡುತ್ತೇನೆ ಅಂದಳು. ಅಜ್ಜಿ ಯಾರನ್ನೂ ಹತ್ತಿರ ಬಿಡಲಿಲ್ಲ. ನೀರು ಬಿಟ್ಟರೆ ಬೇರೆ ಏನೂ ಬೇಡ, ಜಟಕಾ ತರಿಸಿ, ಆಸ್ಪತ್ರೆಗೆ ನಡೀರಿ ಅಂದಳು. ಹಂಡೆ ಖಾಲಿಯಾಗುತ್ತಾ ಬಂದಾಗ, ಯಾರಿಗೂ ಅಲ್ಲ ಅನ್ನುವ ಹಾಗೆ, ಮೆಲ್ಲಗೆ ಅಂದಳು:

"ನನಗ ಯಾರೂ ನೀರು ಹಾಕ್ಲಿಲ್ಲ."

ಪಕ್ಕದಲ್ಲಿ ಚೊಂಬು ಹಿಡಿದು ನಿಂತಿದ್ದ ನನಗೆ ಮಾತ್ರ ಅದು ಕೇಳಿಸಿತು. ಅವಳ ಬಿಳಿಗಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೀಜ ಯಾಕೆ ವಾಪಸ್ ಕೇಳುತ್ತಾಳೆ ಅಂತ ಅವತ್ತು ತಿಳಿಯಿತು.

ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಔಷಧ ಹಾಕಿ ಪಟ್ಟಿ ಕಟ್ಟಿದರು. ತಕ್ಷಣ ತೊಳೆದದ್ದು ಒಳ್ಳೆಯದಾಯಿತು, ಆದರೂ ಪಟ್ಟಿ ಬಿಚ್ಚುವವರೆಗೆ ಏನೂ ಹೇಳಲಾಗದು ಅಂದರು. ರಾತ್ರಿಗೆ ಮೊದಲೇ ಮನೆಗೆ ಬಂದೆವು. ಅಪ್ಪ ಬಾಗಿಲ ಹಿಂದಿನ ಕೋಲು ತೆಗೆದುಕೊಂಡು ನನ್ನನ್ನು ನಿಲ್ಲಿಸಿ, ಇದನ್ನು ಹಚ್ಚು ಅಂತ ನಿನಗೆ ಯಾರು ಹೇಳಿದರು ಅಂತ ಕೇಳಿದರು.

"ಬೀಜದಜ್ಜಿ" ಅಂದೆ.

ಆ ನಾಲ್ಕು ಅಕ್ಷರ ಬಾಯಿಂದ ಎಷ್ಟು ಸಲೀಸಾಗಿ ಬಂತು! ಕೋಲು ಮತ್ತೆ ಬಾಗಿಲ ಹಿಂದಕ್ಕೆ ಹೋಯಿತು. ಅಮ್ಮ ಕೂಡಲೇ ನಂಬಿದರು, ಓಣಿ ಬೆಳಗಾಗುವುದರೊಳಗೆ ನಂಬಿತು. ಮದ್ದು ಹೇಳುವವಳು, ಬೀಜ ಗಂಟು ಕಟ್ಟುವವಳು, ಒಕ್ಕಣ್ಣಿನವಳು... ನಂಬಲು ಅಷ್ಟು ಸಾಕಾಯಿತು. ಎಲ್ಲರ ಕಣ್ಣೆದುರು ಹಂಡೆ ನೀರು ಸುರಿದದ್ದನ್ನು ಯಾರೂ ನೆನೆಸಿಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ಗೋಡೆಯ ಮೇಲೆ ಬುಟ್ಟಿ ಬಂತು. ಬರಬೇಡ, ಬರಬೇಡ ಅಂತ ನಾನು ಒಳಗೇ ಬೇಡಿಕೊಂಡೆ. ತಂಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಊಟಕ್ಕೆ ಬಂದಿದ್ದ ಅಪ್ಪ ಬಾಗಿಲಿಗೆ ಅಡ್ಡ ನಿಂತರು. ನನ್ನ ಮಗಳು ನಿನ್ನ ಹೆಸರು ಹೇಳಿದ್ದಾಳೆ, ನಿನ್ನ ಮಾತು ಕೇಳಿ ಈ ಕೂಸಿನ ಕಣ್ಣು ಹೋಗುವ ಹಾಗಾಯಿತು, ಇನ್ನು ಈ ಓಣಿಗೆ ಕಾಲಿಡಬೇಡ ಅಂದರು. ಅಜ್ಜಿ ಕುತ್ತಿಗೆ ಹೊರಳಿಸಿ, ಅಪ್ಪನ ಹಿಂದೆ ಬಾಗಿಲ ಸಂದಿಯಲ್ಲಿದ್ದ ನನ್ನನ್ನು ನೋಡಿದಳು. ಎಷ್ಟು ಹೊತ್ತೋ. ನಾನು ಬಾಗಿಲ ಹಿಂದಕ್ಕೆ ಸರಿದೆ.

"ಹೌದ್ರೀ ಯಪ್ಪಾ, ನಂದ ತಪ್ಪು" ಅಂದಳು. "ಹುಡುಗ್ರ ಮುಂದ ಹೇನಿನ ಮಾತು ಆಡಬಾರ್ದಿತ್ತು. ಉಳಿದ ಬೀಜ ಅಷ್ಟು ಕೊಡ್ರಿ, ಹೋಗ್ತೀನಿ."

ತಂದುಕೊಡು ಅಂತ ಅಪ್ಪ ನನಗೇ ಹೇಳಿದರು. ನಾನು ಕಂಪಾಸ್ ಬಾಕ್ಸ್ ತೆರೆದು ಅವಳ ಅಂಗೈಗೆ ಸುರಿಯುತ್ತಿದ್ದಂತೆ, ಅಷ್ಟು ಬೀಜ ಬಚ್ಚಿಟ್ಟದ್ದು ಅಪ್ಪನಿಗೆ ಕಾಣದ ಹಾಗೆ ಥಟ್ಟನೆ ಮುಷ್ಟಿ ಮುಚ್ಚಿದಳು. ಹೋಗುವ ಮೊದಲು ತಂಗಿಯ ಹತ್ತಿರ ಬಗ್ಗಿ, ತಲೆ ಸವರಿ, ಕಿವಿಯಲ್ಲಿ ಏನೋ ಅಂದಳು. ಏನೋ ಮಂತ್ರ ಹಾಕಿದಳು ಅಂದುಕೊಂಡೆ. ಆಮೇಲೆ ಬುಟ್ಟಿ ಗೋಡೆಯ ಅಂಚಿನ ಮೇಲೆ ತೇಲುತ್ತಾ, ಸಣ್ಣದಾಗುತ್ತಾ... ಅದೇ ಕೊನೆ.

ವಾರಕ್ಕೆ ಪಟ್ಟಿ ಬಿಚ್ಚಿದರು. ತಂಗಿಗೆ ಮೊದಲು ಕಂಡದ್ದು ಅಮ್ಮನ ಮೂಗುಬೊಟ್ಟು. ಅಮ್ಮ ಗಟ್ಟಿಯಾಗಿ ಅತ್ತರು, ನಾನೂ ಅತ್ತೆ. ಕಂಪ್ಲಿಯ ಮದುವೆಗೆ ಹೋದೆವು. ಆ ಗಲಾಟೆಯಲ್ಲಿ ಅಮ್ಮ ಕತ್ತರಿಯ ಮಾತು ಮರೆತು ನನ್ನ ಕೂದಲು ಉಳಿದಿತ್ತು, ಮೊಗ್ಗಿನ ಜಡೆ ಹಾಕಿದರು. ಆ ಮದುವೆಯ ಫೋಟೋ ಇದೆ, ನಾನು ಅದನ್ನು ಗೋಡೆಗೆ ಹಾಕಿಲ್ಲ.

ದೊಡ್ಡವಳಾಗಿ ಟೀಚರ್ ಆದ ಮೇಲೆ ಸಂಡೂರಿನ ಕಡೆಯ ವಡ್ಡು ಅನ್ನುವ ಊರಿನ ಶಾಲೆಗೆ ಹಾಕಿದರು. ಮೊದಲ ವಾರವೇ ಸಂಡೂರು ಬಸ್ ಸ್ಟ್ಯಾಂಡಿನಲ್ಲಿ ಹಣ್ಣಿನ ಬುಟ್ಟಿಯ ಹೆಂಗಸರ ಮುಂದೆ ಹೋಗಿ ನಿಂತೆ. ಒಂದು ಕಣ್ಣು ಬಿಳಿ ಇತ್ತು, ಬೀಜ ವಾಪಸ್ ಕೇಳುತ್ತಿದ್ದಳು ಅಂದೆ. ತೀರಿಹೋಗಿ ಭಾಳ ವರ್ಷ ಆತ್ರಿ ಅಂದರು. ಕಡೆಕಡೆಗೆ ಹೊಸಪೇಟೆ ಬಿಟ್ಟು ಬೇರೆ ಊರಿಗೇ ಹಣ್ಣು ಒಯ್ಯುತ್ತಿದ್ದಳಂತೆ. ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮೊನ್ನೆ ಹಣ್ಣು ತಂದದ್ದು ತಂಗಿ ಬರುತ್ತಾಳೆ ಅಂತ. ಅವಳನ್ನು ಕೊಟ್ಟದ್ದೂ ಕಂಪ್ಲಿಗೇ. ಪೇಪರ್ ಓದಲು ಕಷ್ಟವಾಗುತ್ತದೆ ಅಂತ ಕಣ್ಣು ತೋರಿಸಲು ಬಂದಿದ್ದಳು. ಕಣ್ಣಿಗೇನೂ ಆಗಿಲ್ಲ, ಬರೀ ಚಾಳೀಸು ಅಂದರಂತೆ ಡಾಕ್ಟರು. ಹೊಸ ಕನ್ನಡಕ ಹಾಕಿಕೊಂಡು ನನ್ನ ಎದುರು ಕೂತು ಹಣ್ಣು ಬಿಡಿಸುತ್ತಿದ್ದಳು. ಬೀಜ ಒಂದೊಂದಾಗಿ ತಟ್ಟೆಗೆ ಬೀಳುತ್ತಿತ್ತು. ಆ ಸದ್ದು ಕೇಳುತ್ತಾ ಇದ್ದ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಯಾರ ಮುಂದೆಯೂ ಆಡದ್ದನ್ನು ಹೇಳಿಬಿಟ್ಟೆ. ಅಜ್ಜಿ ಬೇಡ ಅಂದಿದ್ದಳು, ನಾನು ಸುಳ್ಳು ಹೇಳಿದೆ ಅಂದೆ.

ತಂಗಿ ಬೀಜ ಉಗಿದು ತಟ್ಟೆಗೆ ಹಾಕಿದಳು.

"ನನಗ ಗೊತ್ತೈತಲ್ಲಕ್ಕ. ಆಕಿ ಬ್ಯಾಡ ಅಂದಾಗ ನಿನ್ನ ತೊಡಿಮ್ಯಾಲ ನಾನ ಕುಂತಿದ್ನಲ್ಲ."

ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಆ ಮಧ್ಯಾಹ್ನ ಹೇಳಬೇಕು ಅಂತ ಬಾಯಿ ತೆರೆದಿದ್ದಳಂತೆ. ಅಷ್ಟರಲ್ಲಿ ಅಜ್ಜಿ ಬಗ್ಗಿದಳು.

"ಕಿವ್ಯಾಗ ಹೇಳಿದ್ಲು, 'ಸುಮ್ನಿರು ಮಗಾ, ಅಕ್ಕನ್ನ ಹೊಡೀತಾರ' ಅಂತ. ಕೈ ಭಾಳ ಒರಟಿತ್ತು ಆಕೀದು."

ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, ತಂಗಿ ಇನ್ನೊಂದು ಹಣ್ಣು ಎತ್ತಿಕೊಂಡಳು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋಗಿ ನಿಂತೆ. ನನ್ನನ್ನು ಬಯ್ಯಬೇಕಾದವಳು ಒಬ್ಬಳೇ ಇದ್ದಳು. ಆ ಅಜ್ಜಿ ಬಯ್ಯಲಿಲ್ಲ. ಕ್ಷಮಿಸು ಅನ್ನಲು ಈಗ ಅವಳೇ ಇಲ್ಲ.

ಸಂಜೆ ತಂಗಿ ಕಂಪ್ಲಿ ಬಸ್ಸು ಹತ್ತಿದಳು. ನಾನು ತಟ್ಟೆಯ ಬೀಜಗಳನ್ನೆಲ್ಲ ತೊಳೆದು, ಒಂದೂ ಬಿಡದೆ ಬಟ್ಟೆಯಲ್ಲಿ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಕೇಳಲು ಯಾರೂ ಬರುವುದಿಲ್ಲ. ಸೋಮವಾರ ಶಾಲೆಗೆ ಹೋಗುವಾಗ ಗುಡ್ಡದ ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದ ನಾನೇ ಹಾಕಬೇಕು.