ಟೇಪ್ ಸುತ್ತಿದ ಫೈಬರ್

"ನಾನೇ ಜೋಡ್ಸೀನ್ರಿ ಮೇಡಂ. ನೋಡ್ರಿ, ಫೋನ್ ಚಲೋ ನಡ್ಯಾಕತ್ತದ!" ಮಹಾಗಾಂವದ ಆ ಹಿರಿಯ ರೈತರು ಹೆಮ್ಮೆಯಿಂದ ಮೊಬೈಲ್ ಮುಂದೆ ಹಿಡಿದರು. ಹೊಲಕ್ಕೆ ಪೈಪ್ ಹಾಕಲು ರಸ್ತೆ ಬದಿ ಅಗೆಸುವಾಗ ಜೆಸಿಬಿಗೆ ಸಿಕ್ಕು ನಮ್ಮ ಫೋನ್ ಕಂಪನಿಯ ಫೈಬರ್ ಕೇಬಲ್ ತುಂಡಾಗಿತ್ತು. ಅವರು ಎರಡೂ ತುದಿಗಳನ್ನು ಮೋಟಾರಿನ ವಾಯರ್‌ನಂತೆ ಹೆಣೆದು, ಕರಿ ಟೇಪ್ ಸುತ್ತಿ ಕೂತಿದ್ದರು.

ಕೂದಲಿನಂಥ ಗಾಜಿನ ಎಳೆಗಳು ಹಾಗೆಲ್ಲ ಕೂಡುವುದಿಲ್ಲ. ಕಲಬುರಗಿಯಿಂದ ಕಮಲಾಪುರದವರೆಗೆ ಹೋಗಿಬರುವ ಈ ಕೇಬಲ್ಲನ್ನು ನಾವು ಉಂಗುರದ ಹಾಗೆ ಎಳೆದಿದ್ದೇವೆ. ಒಂದು ಬದಿ ಕಡಿದರೆ ಕರೆ, ಇಂಟರ್‌ನೆಟ್ ಎಲ್ಲ ಇನ್ನೊಂದು ಬದಿಯಿಂದ ಸುತ್ತಿ ಬರುತ್ತವೆ. ಅವರ ಫೋನ್ ನಡೆಯುತ್ತಿದ್ದುದು ಆ ಇನ್ನೊಂದು ಬದಿಯಿಂದ. ಅದೂ ಕಡಿದರೆ ಕಮಲಾಪುರದ ಆಸ್ಪತ್ರೆಯಿಂದ ಒಂದು ಕರೆಯೂ ಹೊರಗೆ ಹೋಗುವುದಿಲ್ಲ.

ನಮ್ಮವರು ಟೇಪ್ ಬಿಚ್ಚಲು ಹೋದಾಗ ಅವರು ಸಿಟ್ಟಿಗೆದ್ದು ಅಡ್ಡ ನಿಂತರು. "ನಡ್ಯಾಕತ್ತಿದ್ದನ್ನ ಯಾಕ ಕಡೀತೀರಿ?"

ಬೇರೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಕಲಬುರಗಿಯ ನೆಹರು ಗಂಜ್‌ನಲ್ಲಿ ಉಂಗುರದ ಎರಡೂ ಬದಿಗಳು ಒಂದೇ ಪೈಪಿನಲ್ಲಿ ಹಾದುಹೋಗುತ್ತವೆ. ಅಲ್ಲಿ ಒಂದೇ ಏಟಿಗೆ ಎರಡೂ ಕಡಿಯಬಹುದು. ಒಂದನ್ನಾದರೂ ಬ್ರಹ್ಮಪುರದ ಕಡೆ ತಿರುಗಿಸೋಣ ಎಂದು ನಾನು ಕೇಳಿದಾಗ ನಮ್ಮ ಮೇಲಧಿಕಾರಿ ಹೇಳಿದ್ದೂ ಇದೇ ಮಾತು: ನಡೆಯುತ್ತಿರುವುದನ್ನು ಯಾಕೆ ಕಡಿಯಬೇಕು?

ಈಗ ಗಂಜ್‌ನಲ್ಲಿ ಜೆಸಿಬಿ ಕಂಡರೆ ಸಾಕು, ಲೈನ್ ಇದೆಯೇ ಎಂದು ನೋಡಲು ಕೈ ತಾನಾಗಿ ಫೋನಿಗೆ ಹೋಗುತ್ತದೆ. ಫೋನ್ ನಡೆಯುತ್ತಲೇ ಇರುತ್ತದೆ. ಕೇಬಲ್ ತುಂಡಾಗಿದ್ದಾಗ ಮಹಾಗಾಂವದಲ್ಲೂ ನಡೆಯುತ್ತಲೇ ಇತ್ತು.